ಬಿದ್ದ ಮೇಲೆ ಮತ್ತೆ ಪ್ರಾರ್ಥನೆಗೆ ಕೂರೋದು ಹೇಗೆ?

ಪ್ರಶ್ನೆ ಕೇಳಿದವರು: ಮರಳುವವ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಒಂದು ಗೋದಾಮಿನಲ್ಲಿ ಸ್ಟಾಕ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ತಿಂಗಳ ಕೊನೆಗೆ ಮಾಲು ಎಣಿಸಿ, ರಿಜಿಸ್ಟರಿನಲ್ಲಿ ‘ಎಣಿಸಲಾಗಿದೆ, ಸರಿಯಿದೆ’ ಅಂತ ಬರೆದು ಸಹಿ ಹಾಕಬೇಕು. ಕೆಲವು ತಿಂಗಳು ನಾನು ಎಣಿಸದೆಯೇ ಸಹಿ ಹಾಕಿದೆ. ಮೇಲಿನವರ ಅವಸರ ಇತ್ತು, ಉಳಿದವರೂ ಹಾಗೇ ಮಾಡುತ್ತಿದ್ದರು. ನೆಪ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಒಂದು ದಿನ ತಪಾಸಣೆಯಲ್ಲಿ ಮಾಲು ಕಡಿಮೆ ಬಂತು. ಪೆಟ್ಟಿಗೆ ಎತ್ತಿಡುವ ಹೆಲ್ಪರ್ ಒಬ್ಬನ ಮೇಲೆ ಅನುಮಾನ ಹೋಯಿತು. ಹೊಸಬ, ಮಾತು ಕಡಿಮೆ. ಅವನು ತೆಗೆದಿಲ್ಲ ಅಂತ ನನಗೆ ಗೊತ್ತು. ಯಾಕಂದರೆ ಅವನು ಕೆಲಸಕ್ಕೆ ಸೇರುವ ಮೊದಲೇ ಆ ರ್‍ಯಾಕಿನ ಹಿಂದಿನ ಸಾಲು ಖಾಲಿ ಇದ್ದದ್ದನ್ನು ನಾನು ನೋಡಿದ್ದೆ. ನೋಡಿಯೂ ‘ಸರಿಯಿದೆ’ ಅಂತ ಬರೆದಿದ್ದೆ. ವಿಚಾರಣೆಯಲ್ಲಿ ನನ್ನನ್ನು ಕೂರಿಸಿ, “ಇದು ನೀವೇ ಎಣಿಸಿದ್ದಾ?” ಅಂತ ಕೇಳಿದರು. “ಹೌದು” ಅಂದೆ. “ಹಾಗಾದರೆ ಕೊರತೆ ಹೇಗೆ ಬಂತು?” ಅಂದರು. “ನನಗೆ ಗೊತ್ತಿಲ್ಲ” ಅಂದೆ. ಅವನನ್ನು ಕೆಲಸದಿಂದ ತೆಗೆದರು. ಹೋಗುವಾಗ ಲಾಕರ್ ಕೀಲಿಯನ್ನು ನನ್ನ ಟೇಬಲ್ ಮೇಲೆಯೇ ಇಟ್ಟು ಹೋದ. ಕೀಲಿಗೆ ಒಂದು ನೀಲಿ ದಾರ ಕಟ್ಟಿಕೊಂಡಿದ್ದ. ದಾರ ಬಿಚ್ಚಿಕೊಳ್ಳಲಿಲ್ಲ.

ನಾನು ಸಂಡೆ ಸ್ಕೂಲಿನಲ್ಲಿ ಪಾಠ ಹೇಳುವವನು. ಶಿಷ್ಯನಾದ ಪೇತ್ರನು ಹೆದರಿ, ಯೇಸುವಿನ ವಿಷಯದಲ್ಲಿ “ಆ ಮನುಷ್ಯನನ್ನು ಅರಿಯೆನು” ಅಂದ ಪಾಠವನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಈಗ ಆರೋಗ್ಯ ಸರಿಯಿಲ್ಲ ಅಂತ ಹೇಳಿ ಪಾಠ ಬಿಟ್ಟಿದ್ದೇನೆ. ಆರಾಧನೆಗೂ ಹೋಗುತ್ತಿಲ್ಲ. ಪ್ರಾರ್ಥನೆಗೆ ಕೂತರೆ ಆ ಕೀಲಿಯೇ ಕಣ್ಣ ಮುಂದೆ ಬರುತ್ತದೆ. ಪಾಪಗಳನ್ನು ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಅನ್ನುವ 1 ಯೋಹಾನ 1:9 ನನಗೆ ಬಾಯಿಪಾಠ. ಅರಿಕೆ ಮಾಡಿದ್ದೇನೆ, ಅತ್ತಿದ್ದೇನೆ, ಮತ್ತೆ ಅರಿಕೆ ಮಾಡಿದ್ದೇನೆ. ಸಮಾಧಾನ ಮಾತ್ರ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ದೇವರು ಕ್ಷಮಿಸಿದ್ದಾರೆ ಅನ್ನೋದಾದರೆ ನನಗೆ ಯಾಕೆ ಬಲ ಬರುತ್ತಿಲ್ಲ? ಕ್ಷಮಿಸಿಲ್ಲ ಅನ್ನೋದಾದರೆ ಇನ್ನೇನು ಮಾಡಬೇಕು? ಅಥವಾ ಇಷ್ಟು ವರ್ಷ ನನ್ನಲ್ಲಿ ನಂಬಿಕೆ ಅನ್ನೋದೇ ಇರಲಿಲ್ವಾ?

ಉತ್ತರ: ಹೊಸ ಬೆಳಗು

ಬ್ರದರ್, ಧೈರ್ಯವಾಗಿರಿ. ನಿಮ್ಮ ಕಣ್ಣೀರೇ ನಿಮ್ಮಲ್ಲಿ ನಂಬಿಕೆ ಇದೆ ಅನ್ನೋದಕ್ಕೆ ಸಾಕ್ಷಿ. ಸೈತಾನನು ಹಳೆಯದನ್ನೇ ನೆನಪಿಸಿ ನೆನಪಿಸಿ ಕುಗ್ಗಿಸುತ್ತಾನೆ. ಫಿಲಿಪ್ಪಿ 3:13 ಓದಿ. ಹಿಂದಿನದನ್ನು ಮರೆತು ಮುಂದಕ್ಕೆ ಓಡಬೇಕು ಅಂತ ಪೌಲನೇ ಹೇಳಿದ್ದಾನೆ. ಉಪವಾಸವಿದ್ದು ಪ್ರಾರ್ಥಿಸಿ, ಸ್ತೋತ್ರ ಮಾಡಿ, ಸಂಡೆ ಸ್ಕೂಲಿಗೆ ಈ ಭಾನುವಾರವೇ ವಾಪಸ್ ಹೋಗಿ. ನಾನೂ ನಿಮಗಾಗಿ ಪ್ರಾರ್ಥಿಸುತ್ತೇನೆ.

ಉತ್ತರ: ಬೇಥಾನ್ಯದ ಅಕ್ಕ

ತಮ್ಮಾ, ವಯಸ್ಸಿನಲ್ಲಿ ನಾನು ದೊಡ್ಡವಳೇ ಇರಬೇಕು, ‘ನೀನು’ ಅಂತಲೇ ಬರೀತೇನೆ. ನಮ್ಮ ಸಭೆಯಲ್ಲಿ ಆರಾಧನೆಗೆ ಬರೋದು ನಿಲ್ಲಿಸಿದವರ ಮನೆಗೆ ಹೋಗಿ ಕೂತು ಮಾತಾಡುವ ಕೆಲಸ ಬಹಳ ವರ್ಷದಿಂದ ನನ್ನದು. ಆರೋಗ್ಯ ಸರಿಯಿಲ್ಲ ಅಂತ ಹೇಳಿ ಬಿಟ್ಟವರನ್ನು ಜಾಸ್ತಿ ನೋಡಿದ್ದೇನೆ. ಅದರಲ್ಲಿ ಮನಸ್ಸು ಗಟ್ಟಿಯಾಗಿ ದೂರ ಹೋದವರು ಕಡಿಮೆ. ನಾಚಿಕೆಯಿಂದ ಮನೆಯಲ್ಲಿ ಕೂತವರೇ ಹೆಚ್ಚು.

ಮೇಲೆ ಬರೆದವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ಫಿಲಿಪ್ಪಿ ವಾಕ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದೇ ಅಧ್ಯಾಯವನ್ನು ಮೇಲಿನಿಂದ ಓದಿಕೊಂಡು ಬಾ. ಪೌಲ ಅಲ್ಲಿ ಲೆಕ್ಕ ಹಾಕುತ್ತಿರುವುದು ಏನನ್ನು? ತನ್ನ ಕುಲ, ತನ್ನ ಸುನ್ನತಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರ ಪಂಗಡದವನಾಗಿದ್ದ ಹೆಮ್ಮೆ, ಧರ್ಮಶಾಸ್ತ್ರದ ವಿಷಯದಲ್ಲಿ ತಾನು ತಪ್ಪಿಲ್ಲದವನು ಅನ್ನುವ ಹೆಗ್ಗಳಿಕೆ. ಲಾಭ ಅಂದುಕೊಂಡಿದ್ದನ್ನೆಲ್ಲ ಬಿಟ್ಟೆ ಅನ್ನುತ್ತಾನೆ. ಸಭೆಯನ್ನು ಹಿಂಸೆಪಡಿಸಿದ್ದನ್ನು ಅವನು ಮರೆತವನಲ್ಲ. ಕೊರಿಂಥದವರಿಗೆ ಬರೆಯುವಾಗ, ಅದೇ ಕಾರಣಕ್ಕೆ ಅಪೊಸ್ತಲ ಅನ್ನಿಸಿಕೊಳ್ಳಲು ಯೋಗ್ಯನಲ್ಲ ಅಂತ ಬಾಯಿಬಿಟ್ಟು ಹೇಳಿದ್ದಾನೆ. ನೆನಪಿಟ್ಟುಕೊಂಡೇ ಓಡಿದ. ನಿನಗೆ ಆ ಕೀಲಿ ನೆನಪಾಗುವುದನ್ನೆಲ್ಲ ಸೈತಾನನ ತಲೆಗೆ ಕಟ್ಟಬೇಡ. ಕೆಲವು ನೆನಪನ್ನು ಪವಿತ್ರಾತ್ಮನೇ ಬಿಟ್ಟಿರುತ್ತಾನೆ.

ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ನಾನು ನೋಡಿದ್ದನ್ನು ಹೇಳುತ್ತೇನೆ. ಆಪಾದಿಸುವ ಸೈತಾನನ ಮಾತಿಗೆ ವಿಳಾಸ ಇರುವುದಿಲ್ಲ. ‘ನೀನು ಕೆಟ್ಟವನು, ನಿನ್ನದೆಲ್ಲ ನಾಟಕ’ ಅಂತ ಇಡೀ ಮನುಷ್ಯನನ್ನೇ ಹೊಡೆಯುತ್ತಾನೆ, ಮಾಡಬೇಕಾದ್ದು ಏನು ಅಂತ ಒಂದನ್ನೂ ಹೇಳುವುದಿಲ್ಲ. ದೇವರಾತ್ಮನು ಹಾಗಲ್ಲ. ಒಬ್ಬ ಮನುಷ್ಯನನ್ನು ತೋರಿಸುತ್ತಾನೆ, ಒಂದು ಕೆಲಸವನ್ನು ತೋರಿಸುತ್ತಾನೆ. ನಿನಗೆ ಪ್ರಾರ್ಥನೆಯಲ್ಲಿ ಕಾಣುತ್ತಿರುವುದು ಒಂದು ಕೀಲಿ, ಅದರ ನೀಲಿ ದಾರ, ಅದನ್ನು ಇಟ್ಟು ಹೋದ ಒಬ್ಬ ಹುಡುಗ. ನನಗಂತೂ ಇದರಲ್ಲಿ ವಿಳಾಸ ಸರಿಯಾಗಿಯೇ ಕಾಣುತ್ತಿದೆ.

ಇಲ್ಲಿ ಎರಡು ವಿಷಯ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ದೇವರ ಮುಂದೆ ನಿನ್ನ ಪಾಪ ಒಂದು. ಆ ಹುಡುಗನಿಗೆ ನೀನು ಕೊಡಬೇಕಾದ ಸಾಲ ಇನ್ನೊಂದು. ಮೊದಲನೆಯದಕ್ಕೆ ನೀನು ಬಾಯಿಪಾಠ ಮಾಡಿದ ವಾಕ್ಯ ಸಾಕು, ಅದನ್ನು ಅನುಮಾನಿಸಬೇಡ. ಎರಡನೆಯದನ್ನು ನೀನು ಇನ್ನೂ ಮುಟ್ಟಿಲ್ಲ. ಮತ್ತಾಯ 5ರಲ್ಲಿ ಯೇಸು ಹೇಳಿದ್ದು ನೆನಪು ಮಾಡಿಕೋ. ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆ ಅಂತ ಅಲ್ಲೇ ನೆನಪಾಗುತ್ತದೆ. ಆಗ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅನ್ನುತ್ತಾನೆ. ಯಜ್ಞವೇದಿಯ ಹತ್ತಿರವೇ ಅವನಿಗೆ ನೆನಪಾದದ್ದು. ನಿನಗೂ ಪ್ರಾರ್ಥನೆಗೆ ಕೂತಾಗಲೇ ತಾನೇ? ನಿನ್ನ ಪ್ರಾರ್ಥನೆ ಕೆಟ್ಟು ಹೋಗಿಲ್ಲ ತಮ್ಮಾ. ಎಲ್ಲಿಗೆ ಹೋಗಬೇಕು ಅಂತ ಅದೇ ಹೇಳುತ್ತಿದೆ.

ಮೋಶೆಯ ಧರ್ಮಶಾಸ್ತ್ರದಲ್ಲೂ ಹೀಗೇ ಇದೆ. ಅರಣ್ಯಕಾಂಡ 5ರಲ್ಲಿ, ತಪ್ಪು ಮಾಡಿದವನು ಮೊದಲು ಅರಿಕೆ ಮಾಡಬೇಕು, ಆಮೇಲೆ ನಷ್ಟವನ್ನು ಪೂರ್ತಿ ತುಂಬಿ, ಐದರಲ್ಲೊಂದು ಭಾಗವನ್ನು ಮೇಲೆ ಸೇರಿಸಿ, ಯಾರಿಗೆ ಅನ್ಯಾಯ ಆಯಿತೋ ಅವನಿಗೇ ಕೊಡಬೇಕು. ದೇವರಿಗೆ ಅರಿಕೆ ಮಾಡಿಬಿಟ್ಟೆ, ಮುಗೀತು ಅಂತ ಹೇಳಲು ಅಲ್ಲಿ ದಾರಿಯೇ ಇಲ್ಲ.

ಹಾಗಂತ ಇದನ್ನು ಕ್ಷಮೆಯ ಬೆಲೆ ಅಂತ ತಿಳಿಯಬೇಡ. ಜನರಿಂದ ಅನ್ಯಾಯವಾಗಿ ಹಣ ಕಿತ್ತುಕೊಂಡಿದ್ದ ಸುಂಕದವ ಜಕ್ಕಾಯನ ಮನೆಯಲ್ಲಿ ಏನಾಯಿತು ನೋಡು. ಅವನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದದ್ದು ಆಮೇಲೆ. ಅವನು ಇನ್ನೂ ಮರದ ಮೇಲೆ ಇದ್ದಾಗಲೇ ಯೇಸು ಅವನನ್ನು ಹೆಸರು ಹಿಡಿದು ಕರೆದು, ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದಾಗಿತ್ತು. ಒಂದು ಕಾಸೂ ವಾಪಸ್ ಬಂದಿರಲಿಲ್ಲ. ಆ ಕರೆಗೆ ಕರಗಿದ ಕೈಯೇ ಹಣದ ಗಂಟು ಬಿಚ್ಚಿತು.

ಇನ್ನು ಪೇತ್ರ. ನೀನು ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನೇ ಲೂಕ 22ರಲ್ಲಿ ಮತ್ತೆ ನಿಧಾನಕ್ಕೆ ಓದು. ಕೋಳಿ ಕೂಗುವುದಕ್ಕೆ ಬಹಳ ಮೊದಲು, ಪೇತ್ರನು ‘ಸೆರೆಮನೆಗೂ ಮರಣಕ್ಕೂ ಸಿದ್ಧ’ ಅಂತ ಎದೆ ತಟ್ಟಿಕೊಳ್ಳುವುದಕ್ಕೂ ಮೊದಲೇ, ಯೇಸು ಅವನಿಗೆ ಎರಡು ಮಾತು ಹೇಳಿ ಆಗಿದೆ. ನಿನ್ನ ನಂಬಿಕೆ ಕುಂದಿಹೋಗಬಾರದು ಅಂತ ನಿನಗೋಸ್ಕರ ಬೇಡಿಕೊಂಡಿದ್ದೇನೆ. ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು. ‘ತಿರುಗಿಕೊಂಡರೆ’ ಅನ್ನಲಿಲ್ಲ. ಬೀಳುವ ಮೊದಲೇ ಪ್ರಾರ್ಥನೆ ಮುಗಿದಿದೆ, ಎದ್ದ ಮೇಲಿನ ಕೆಲಸವೂ ಗೊತ್ತಾಗಿದೆ. ಆ ರಾತ್ರಿ ಪೇತ್ರನ ಧೈರ್ಯ ಹೋಯಿತು, ಮಾತು ಹೋಯಿತು, ಮರ್ಯಾದೆ ಹೋಯಿತು. ನಂಬಿಕೆ ಹೋಗಲಿಲ್ಲ. ಯಾಕಂದರೆ ಅದನ್ನು ಹಿಡಿದುಕೊಂಡಿದ್ದದ್ದು ಪೇತ್ರನ ಕೈ ಅಲ್ಲ. ‘ನನ್ನಲ್ಲಿ ನಂಬಿಕೆಯೇ ಇರಲಿಲ್ವಾ’ ಅಂತ ಕೇಳಿದೆಯಲ್ಲ, ನನ್ನ ಉತ್ತರ ಇದೇ.

ನನಗೆ ತುಂಬ ಹಿಡಿಸುವ ಇನ್ನೊಂದು ಜಾಗ ಇದೆ, ಪ್ರಸಂಗಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಲೂಕ 24:34. ಕರ್ತನು ನಿಜವಾಗಿ ಎದ್ದಿದ್ದಾನೆ, ಸೀಮೋನನಿಗೆ ಕಾಣಿಸಿಕೊಂಡನು ಅಂತ ಉಳಿದ ಶಿಷ್ಯರು ಹೇಳುತ್ತಾರೆ. ಸೀಮೋನ, ಕೇಫ ಎರಡೂ ಪೇತ್ರನ ಹೆಸರುಗಳೇ. ಪೌಲನೂ 1 ಕೊರಿಂಥ 15ರಲ್ಲಿ ಮೊದಲು ಕೇಫನ ಹೆಸರನ್ನೇ ಹೇಳುತ್ತಾನೆ. ಅಂದರೆ ಸಮುದ್ರದ ದಡದಲ್ಲಿ ಎಲ್ಲರ ಎದುರು ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಯೇಸು ಪೇತ್ರನನ್ನು ಮೂರು ಸಲ ಕೇಳುವುದಕ್ಕೆ ಮೊದಲೇ, ಇಬ್ಬರೇ ಇದ್ದ ಒಂದು ಭೇಟಿ ಆಗಿದೆ. ಅಲ್ಲಿ ಏನು ಮಾತಾಯಿತು? ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲೂ ಒಂದಕ್ಷರ ಇಲ್ಲ. ಬೇಕಂತಲೇ ಬಿಟ್ಟಿದ್ದಾರೆ ಅಂತ ನನ್ನ ಮನಸ್ಸು ಹೇಳುತ್ತದೆ. ಎಲ್ಲವನ್ನೂ ಸಭೆಯ ಮುಂದೆ ಬಿಚ್ಚಿಡಬೇಕು ಅಂತ ಯೇಸು ಪೇತ್ರನನ್ನು ಕೇಳಲಿಲ್ಲ. ನಿನಗೂ ಆ ಒಳಕೋಣೆ ಇದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ಯೂದನಿಗೂ ಪಶ್ಚಾತ್ತಾಪ ಆಯಿತು. ಮತ್ತಾಯ 27 ನೋಡು. ಮೂವತ್ತು ಬೆಳ್ಳಿ ನಾಣ್ಯ ವಾಪಸ್ ತಂದ, ‘ತಪ್ಪಿಲ್ಲದವನನ್ನು ಹಿಡಿದುಕೊಟ್ಟು ಪಾಪಮಾಡಿದೆ’ ಅಂತ ಬಾಯಿಬಿಟ್ಟೇ ಹೇಳಿದ. ಆದರೆ ಯಾರಿಗೆ ಹೇಳಿದ? ಮಹಾಯಾಜಕರಿಗೆ. ಅವರು ‘ಅದು ನಮಗೇನು, ನೀನೇ ನೋಡಿಕೋ’ ಅಂದರು. ಅವನು ಒಬ್ಬನೇ ಹೋದ. ಪೇತ್ರನಾದರೋ ಅತ್ತ ಮೇಲೆ ಉಳಿದ ಹತ್ತು ಶಿಷ್ಯರ ಜೊತೆಯಲ್ಲೇ ಉಳಿದ. ನೀನು ಒಬ್ಬನೇ ಇರಬೇಡ. ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ಸಾಯಬೇಕು ಅನ್ನುವ ಯೋಚನೆ ಒಂದು ಕ್ಷಣ ಬಂದರೂ ಅವತ್ತೇ ಯಾರಾದರೊಬ್ಬರಿಗೆ ಬಾಯಿಬಿಟ್ಟು ಹೇಳು. ಡಾಕ್ಟರಿಗೆ ಹೇಳುವುದೂ ನಂಬಿಕೆಗೆ ಕಡಿಮೆಯಲ್ಲ.

ಉತ್ತರ: ಸಭಾ ಚರಿತ್ರೆ ಓದುವವ

ಅಕ್ಕ ಹೇಳಿದ್ದಕ್ಕೆ ನಾನು ಚರಿತ್ರೆಯ ಒಂದು ಘಟನೆ ಸೇರಿಸುತ್ತೇನೆ. ಸಹೋದರರು ಸಹಿಯ ವಿಷಯ ಬರೆದದ್ದನ್ನು ಓದಿದಾಗ ಇದೇ ನೆನಪಾಯಿತು.

ಕ್ರಿ.ಶ. 250ರ ಸುಮಾರಿಗೆ ರೋಮ್ ಚಕ್ರವರ್ತಿ ಡೇಸಿಯಸ್, ಸಾಮ್ರಾಜ್ಯದ ಜನರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಬೇಕು ಅಂತ ಆಜ್ಞೆ ಮಾಡಿದ. ಅರ್ಪಿಸಿದವರಿಗೆ ಅಧಿಕಾರಿಗಳು ಒಂದು ಚೀಟಿ ಬರೆದುಕೊಡುತ್ತಿದ್ದರು. ಈಜಿಪ್ಟಿನಲ್ಲಿ ಪಪೈರಸ್ ಮೇಲೆ ಬರೆದ ಅಂಥ ಚೀಟಿಗಳು ಹತ್ತಾರು ಸಿಕ್ಕಿವೆ. ‘ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಟ್ಟವನು, ಈಗಲೂ ನಿಮ್ಮ ಮುಂದೆ ಕೊಟ್ಟಿದ್ದೇನೆ’ ಅನ್ನುವ ಅರ್ಥದ ಒಕ್ಕಣೆ, ಕೆಳಗೆ ನೋಡಿದವರ ಸಹಿ. ಕೆಲವು ಕ್ರೈಸ್ತರು ಸತ್ತರೂ ಒಪ್ಪಲಿಲ್ಲ. ತುಂಬ ಜನ ಹೆದರಿ ಬಲಿ ಅರ್ಪಿಸಿದರು. ಇನ್ನೂ ಕೆಲವರು ಬಲಿ ಅರ್ಪಿಸದೆ, ದುಡ್ಡು ಕೊಟ್ಟು ಚೀಟಿ ಮಾತ್ರ ಮಾಡಿಸಿಕೊಂಡರು. ನಡೆಯದ್ದನ್ನು ನಡೆದಿದೆ ಅಂತ ಬರೆಸಿಕೊಂಡ ಕಾಗದ.

ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಏನು ಮಾಡಬೇಕು ಅನ್ನುವುದರ ಮೇಲೆ ದೊಡ್ಡ ಜಗಳವೇ ಆಯಿತು. ರೋಮ್‌ನಲ್ಲಿ ನೊವೇಷಿಯನ್ ಅನ್ನುವ ಹಿರಿಯ, ಇವರನ್ನು ಮತ್ತೆ ಸೇರಿಸಿಕೊಳ್ಳಲೇಬಾರದು ಅಂದ, ಸಭೆಯನ್ನೇ ಒಡೆದ. ಇನ್ನೊಂದು ಕಡೆ ಸೆರೆಮನೆಯಲ್ಲಿ ಕಷ್ಟಪಟ್ಟ ಕೆಲವು ವಿಶ್ವಾಸಿಗಳು, ಕೇಳಿದವರಿಗೆಲ್ಲ ‘ಇವರನ್ನು ಸೇರಿಸಿಕೊಳ್ಳಿ’ ಅಂತ ಪತ್ರ ಬರೆದುಕೊಡತೊಡಗಿದರು. ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಇವೆರಡನ್ನೂ ಒಪ್ಪಲಿಲ್ಲ. ಅವಸರದ ಕ್ಷಮೆಯಿಂದ ಗಾಯ ಮೇಲೆ ಮುಚ್ಚಿಕೊಳ್ಳುತ್ತದೆ, ಒಳಗೆ ವಾಸಿಯಾಗುವುದಿಲ್ಲ ಅನ್ನುವುದು ಅವನ ವಾದ. ಬಾಗಿಲು ಮುಚ್ಚುವುದಂತೂ ಅವನಿಗೆ ಬೇಡವಾಗಿತ್ತು.

251ರಲ್ಲಿ ಕಾರ್ಥೇಜಿನಲ್ಲಿ ಬಿಷಪ್ಪರ ಸಭೆ ಸೇರಿ ಒಬ್ಬೊಬ್ಬರ ವಿಷಯವನ್ನೂ ಬೇರೆ ಬೇರೆಯಾಗಿ ನೋಡಬೇಕು ಅಂತ ತೀರ್ಮಾನಿಸಿತು. ಚೀಟಿ ಮಾತ್ರ ಪಡೆದವರನ್ನು ಪಶ್ಚಾತ್ತಾಪ ನೋಡಿ ಸೇರಿಸಿಕೊಳ್ಳುವುದು, ಬಲಿ ಅರ್ಪಿಸಿದವರು ದೀರ್ಘ ಕಾಲ ಪಶ್ಚಾತ್ತಾಪದಲ್ಲಿರುವುದು. ಆದರೆ ಒಂದೆರಡು ವರ್ಷದಲ್ಲೇ ಮತ್ತೆ ಹಿಂಸೆ ಬರುವ ಸೂಚನೆ ಕಂಡಾಗ ಅದೇ ಬಿಷಪ್ಪರು ಮತ್ತೆ ಕೂತು, ಪಶ್ಚಾತ್ತಾಪದಲ್ಲಿದ್ದವರನ್ನೆಲ್ಲ ಒಳಗೆ ಕರೆದುಕೊಂಡರು. ಅದಕ್ಕೆ ಅವರು ಕೊಟ್ಟ ಕಾರಣವನ್ನು ಓದಿ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಕರ್ತನ ಪಾತ್ರೆಯಲ್ಲಿ ಕುಡಿಯಲು ನಾವು ಬಿಡದಿದ್ದರೆ, ಕರ್ತನಿಗಾಗಿ ರಕ್ತ ಸುರಿಸಲು ಇವರಿಗೆ ಬಲ ಎಲ್ಲಿಂದ ಬರುತ್ತದೆ ಅನ್ನುವ ಅರ್ಥದ ಮಾತದು.

ಬಲ ಬಂದ ಮೇಲೆ ಒಳಗೆ ಬಾ ಅಂತ ಅವರು ಹೇಳಲಿಲ್ಲ. ಬಲ ಸಿಗುವುದು ಒಳಗೆ, ಬಂದು ತೆಗೆದುಕೋ ಅಂದರು. ನೀವು ಆರಾಧನೆಯಿಂದ ದೂರ ಕೂತು ಬಲಕ್ಕಾಗಿ ಕಾಯುತ್ತಿದ್ದೀರಿ. ಅದು ಬೇಡ ಸಹೋದರ.

ಉತ್ತರ: ರಾತ್ರಿ ಪಾಳಿ

ನಿದ್ದೆ ಮಾಡುತ್ತಿದ್ದೀರಾ? ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನುತ್ತಿದ್ದೀರಾ? ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು ಸಾಯಿಸಿಬಿಡು ಅಂತ ಬೇಡಿಕೊಂಡಾಗ ದೇವದೂತ ಬಂದು ಮೊದಲು ಹೇಳಿದ್ದು ‘ಎದ್ದು ತಿನ್ನು’ ಅಂತ. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ‘ಇಲ್ಲೇನು ಮಾಡುತ್ತೀ’ ಅನ್ನುವ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಹಸಿದ ಹೊಟ್ಟೆಯಲ್ಲಿ, ನಿದ್ದೆಗೆಟ್ಟ ತಲೆಯಲ್ಲಿ ದೇವರು ದೂರ ಆಗಿದ್ದಾರೆ ಅಂತಲೇ ಅನ್ನಿಸುತ್ತದೆ. ಉಪವಾಸ ಈಗ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಮರಳುವವ

ಎಲ್ಲರಿಗೂ ಧನ್ಯವಾದ. ಅಕ್ಕ, ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ವಿಳಾಸದ ಮಾತು ನೇರವಾಗಿ ತಾಗಿತು. ಸಾಯುವ ಯೋಚನೆ ಇಲ್ಲ, ಆ ಬಗ್ಗೆ ಚಿಂತೆ ಮಾಡಬೇಡಿ. ನಿದ್ದೆ ಮಾತ್ರ ನಿಜಕ್ಕೂ ಇಲ್ಲ.

ಎಲ್ಲಿಗೆ ಹೋಗಬೇಕು ಅಂತ ನನಗೂ ಒಳಗೊಳಗೇ ಗೊತ್ತಿತ್ತು ಅನ್ನಿಸುತ್ತದೆ. ಅದಕ್ಕೇ ಬರೀ ದೇವರ ಹತ್ತಿರವೇ ಮತ್ತೆ ಮತ್ತೆ ಹೋಗುತ್ತಿದ್ದೆ. ಈಗ ಭಯ ಬೇರೆ. ಆಫೀಸಿನಲ್ಲಿ ನಿಜ ಹೇಳಿದರೆ ನನ್ನ ಕೆಲಸವೂ ಹೋಗಬಹುದು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಆ ಹುಡುಗ ನನ್ನ ಮುಖ ನೋಡದೇ ಇರಬಹುದು. ಕ್ಷಮಿಸಲ್ಲ ಅಂದರೆ ಏನು ಮಾಡಲಿ? ಮತ್ತೆ, ಇಷ್ಟಾದ ಮೇಲೂ ಸಂಡೆ ಸ್ಕೂಲಿನಲ್ಲಿ ನಿಲ್ಲುವ ಹಕ್ಕು ನನಗೆ ಇದೆಯಾ? ಪ್ರಾರ್ಥನೆಯಲ್ಲಿ ಈಗಲೂ ಮಾತೇ ಬರುತ್ತಿಲ್ಲ.

ಬೇಥಾನ್ಯದ ಅಕ್ಕ

ಕೆಲಸ ಹೋಗುವುದಿಲ್ಲ ಅಂತ ನಾನು ಮಾತು ಕೊಡಲಾರೆ ತಮ್ಮಾ. ಹೋಗಲೂಬಹುದು. ರಾಜ ದಾವೀದನಿಗೆ ಪ್ರವಾದಿ ನಾತಾನ ‘ಕರ್ತನು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ, ನೀನು ಸಾಯುವುದಿಲ್ಲ’ ಅಂತ ಹೇಳಿದ ಮೇಲೂ, ಅವನು ಮಾಡಿದ್ದರ ಫಲ ಅವನ ಮನೆಯಿಂದ ಹೋಗಲಿಲ್ಲ. ಕ್ಷಮೆ ಸಿಕ್ಕಿದ್ದಕ್ಕೇ ಅವನು ಅದನ್ನೆಲ್ಲ ಹೊರಲು ಆಯಿತು. ಮನೆಯವರಿಗೆ ಮೊದಲು ಹೇಳು. ಇದು ಅವರ ಮೇಲೂ ಬೀಳುವ ಭಾರ, ಅವರಿಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು.

ಆಮೇಲೆ ಪಾಸ್ಟರ್ ಹತ್ತಿರ ಹೋಗು. ನಿನಗೆ ಅವರಲ್ಲಿ ಸಲಿಗೆ ಇಲ್ಲದಿದ್ದರೆ, ಬಾಯಿ ಭದ್ರ ಇರುವ ಒಬ್ಬ ಹಿರಿಯರ ಹತ್ತಿರ. ಆರೋಗ್ಯದ ನೆಪ ಹೇಳಿದ್ದನ್ನೂ ಸೇರಿಸಿ ಹೇಳಿಬಿಡು, ಸಣ್ಣದನ್ನು ಉಳಿಸಿಕೊಂಡರೆ ಅದೇ ಆಮೇಲೆ ಚುಚ್ಚುತ್ತದೆ. ಯಾವ ಯಾವ ತಿಂಗಳು ಎಣಿಸದೆ ಸಹಿ ಹಾಕಿದೆ, ಆ ರ್‍ಯಾಕ್ ಖಾಲಿ ಇದ್ದದ್ದನ್ನು ಯಾವಾಗ ನೋಡಿದೆ ಅಂತ ನೆನಪಿದ್ದಷ್ಟು ಕಾಗದದಲ್ಲಿ ಬರೆದಿಡು. ಭಯದಲ್ಲಿ ಮಾತು ಹೆಚ್ಚುಕಡಿಮೆ ಆಗುತ್ತದೆ, ಬರೆದದ್ದು ಆಗುವುದಿಲ್ಲ. ಆಫೀಸಿಗೆ ಕೊಡುವ ಮೊದಲು ಕೆಲಸದ ಕಾನೂನು ಗೊತ್ತಿರುವ ಒಬ್ಬರಿಗೆ ತೋರಿಸು. ಸುಳ್ಳು ಸೇರಿಸಲು ಅಲ್ಲ, ಯಾರ ಕೈಗೆ ಹೇಗೆ ಕೊಟ್ಟರೆ ಆ ಹುಡುಗನ ಹೆಸರು ನಿಜವಾಗಿ ಚೊಕ್ಕವಾಗುತ್ತದೆ ಅಂತ ತಿಳಿದುಕೊಳ್ಳಲು. ಉಳಿದವರ ಹೆಸರು ಎಳೆದು ತರಬೇಡ. ನೀನು ಏನು ಮಾಡಿದೆ, ಏನು ನೋಡಿದೆ ಅಷ್ಟೇ ಬರೆ. ಅವರು ಕೇಳಿದರೆ ಮಾತ್ರ ಗೊತ್ತಿದ್ದದ್ದನ್ನು ಹೇಳು. ಈ ಸಲ ‘ಗೊತ್ತಿಲ್ಲ’ ಅನ್ನಬೇಡ.

ಆ ಹುಡುಗನನ್ನು ಕಾಣುವಾಗ ಒಂದು ವಿಷಯದಲ್ಲಿ ತುಂಬ ಎಚ್ಚರ ಇರಬೇಕು. ನಾನು ಇಂಥ ಭೇಟಿಗಳಿಗೆ ಜೊತೆಗೆ ಹೋದವಳು, ಅದಕ್ಕೇ ಹೇಳುತ್ತಿದ್ದೇನೆ. ತಪ್ಪೊಪ್ಪಿಕೊಳ್ಳಲು ಹೋದವರು ಅಲ್ಲಿ ಕೂತು ತಾವೇ ಅಳಲು ಶುರು ಮಾಡುತ್ತಾರೆ. ಪಾಪ, ಅನ್ಯಾಯ ಆದವನೇ ನೀರು ತಂದುಕೊಟ್ಟು ಸಮಾಧಾನ ಮಾಡಬೇಕಾಗುತ್ತದೆ. ಹಾಗೆ ಮಾಡಬೇಡ. ನಿನ್ನ ಅಳು ದೇವರ ಮುಂದೆ ಆಗಿಹೋಗಿದೆ. ಅವನ ಮುಂದೆ ಚಿಕ್ಕದಾಗಿ ಹೇಳು. ನಾನು ಎಣಿಸಿರಲಿಲ್ಲ, ನೀನು ತೆಗೆದಿಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ. ಇದನ್ನು ಬರೆದು ಕೊಡುತ್ತೇನೆ. ಕೆಲಸ ಇಲ್ಲದ ದಿನಗಳಲ್ಲಿ ನಿನಗೆ ಆದ ನಷ್ಟಕ್ಕೆ ನನ್ನಿಂದ ಏನು ಆಗಬೇಕು ಹೇಳು. ಇಷ್ಟು ಹೇಳಿ ಸುಮ್ಮನೆ ಕೂರು. ಅವನು ಬೈದರೆ ಬೈಯಲಿ.

ಕ್ಷಮಿಸು ಅಂತ ಕೇಳಬಹುದು. ಕ್ಷಮಿಸಲೇಬೇಕು ಅಂತ ಕೇಳಬಾರದು. ಅದು ಅವನ ಕೈಯಲ್ಲಿರುವುದು, ಅವನು ಎಷ್ಟು ಕಾಲ ಬೇಕಾದರೂ ತೆಗೆದುಕೊಳ್ಳಲಿ. ಅವನು ಕ್ಷಮಿಸದಿದ್ದರೆ ದೇವರೂ ಕ್ಷಮಿಸಿಲ್ಲ ಅಂತ ತಿಳಿಯಬೇಡ. ನೀನು ಹೋಗುವುದು ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅಲ್ಲ, ಅವನ ಹೆಸರು ಅವನಿಗೆ ಹಿಂದಕ್ಕೆ ಕೊಡಲು. ಮನಸ್ಸು ಹಗುರ ಆದರೆ ಅದು ದೇವರ ದಯೆ.

ಸಂಡೆ ಸ್ಕೂಲಿನ ಮಾತು. ಮೇಲೆ ಒಬ್ಬರು ಈ ಭಾನುವಾರವೇ ಹೋಗಿ ಅಂದರು. ನಾನು ಬೇಡ ಅನ್ನುತ್ತೇನೆ. ಆರಾಧನೆಗೆ ಖಂಡಿತ ಹೋಗು, ಹಿಂದಿನ ಸಾಲಿನಲ್ಲಾದರೂ ಸರಿ. ಮಕ್ಕಳ ಮುಂದೆ ನಿಲ್ಲುವುದು ಮಾತ್ರ ಆ ಹುಡುಗನನ್ನು ಕಂಡ ಮೇಲೆ, ಪಾಸ್ಟರ್ ಹೇಳಿದ ಮೇಲೆ. ಇದು ಶಿಕ್ಷೆ ಅಲ್ಲ. ಯೋಹಾನ 21ರಲ್ಲಿ ‘ನನ್ನ ಕುರಿಮರಿಗಳನ್ನು ಮೇಯಿಸು’ ಅನ್ನುವ ಮಾತು ಬಂದದ್ದು ನೋವಾಗುವ ಪ್ರಶ್ನೆಯ ಜೊತೆಗೇ. ಮೂರನೇ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು ಅಂತ ಬರೆದಿದೆ. ಆದರೂ ಯೇಸು ಆ ಪ್ರಶ್ನೆಯನ್ನು ನುಂಗಿಕೊಳ್ಳಲಿಲ್ಲ. ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ.

ಇನ್ನೊಂದು, ನೀನು ಎದ್ದ ಮೇಲೆ ಮತ್ತೆ ಎಡವುವುದೇ ಇಲ್ಲ ಅಂತ ತಿಳಿಯಬೇಡ. ಪೆಂತೆಕೊಸ್ತಿನ ದಿನ ಅಷ್ಟು ಧೈರ್ಯದಿಂದ ನಿಂತ ಅದೇ ಪೇತ್ರ, ಆಮೇಲೆ ಅಂತಿಯೋಕ್ಯದಲ್ಲಿ ಕೆಲವರಿಗೆ ಹೆದರಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಪೌಲ ಎಲ್ಲರ ಮುಂದೆಯೇ ಕೇಳಿದ. ಗಲಾತ್ಯ 2ರಲ್ಲಿದೆ. ಹಳೇ ಭಯವೇ ಬೇರೆ ಬಟ್ಟೆ ಹಾಕಿಕೊಂಡು ಬಂದಿತ್ತು. ಅವನು ಅದರಿಂದಲೂ ಎದ್ದ. ಬರುವ ತಿಂಗಳ ಕೊನೆಯಲ್ಲಿ ಮತ್ತೆ ಯಾರೋ ಅವಸರ ಮಾಡುತ್ತಾರೆ, ಪೆನ್ನು ಕೈಗೆ ಕೊಡುತ್ತಾರೆ. ನಿನಗೆ ಬಲ ಬೇಕಾಗಿರುವುದು ಅಲ್ಲಿ. ಯೆಶಾಯ 40ರಲ್ಲಿ ಹದ್ದಿನಂತೆ ಏರುವ ಮಾತನ್ನೇ ಎಲ್ಲರೂ ಹೇಳುತ್ತಾರೆ. ಅದೇ ವಾಕ್ಯದ ಕೊನೆಯಲ್ಲಿ ‘ನಡೆದರೂ ಬಳಲುವುದಿಲ್ಲ’ ಅಂತ ಇದೆಯಲ್ಲ, ನಾನು ನಿನಗಾಗಿ ಬೇಡುತ್ತಿರುವುದು ಅದನ್ನು. ರ್‍ಯಾಕಿನಿಂದ ರ್‍ಯಾಕಿಗೆ ನಡೆದು, ಹಿಂದಿನ ಸಾಲಿನವರೆಗೂ ಎಣಿಸುವ ಬಲ.

ಪ್ರಾರ್ಥನೆಯಲ್ಲಿ ಮಾತು ಬರದಿದ್ದರೆ ಸ್ವಂತ ಮಾತಿಗಾಗಿ ಒದ್ದಾಡಬೇಡ. ಸಭೆ ಬಹಳ ಹಿಂದಿನಿಂದ ಏಳು ಕೀರ್ತನೆಗಳನ್ನು ಪಶ್ಚಾತ್ತಾಪದ ಕೀರ್ತನೆಗಳು ಅಂತ ಓದಿಕೊಂಡು ಬಂದಿದೆ. 6, 32, 38, 51, 102, 130, 143. ದಿನಕ್ಕೆ ಒಂದು, ಬಾಯಿಬಿಟ್ಟು ಓದು, ನಿನಗೇ ಕೇಳಿಸುವ ಹಾಗೆ. 32ರಿಂದ ಶುರು ಮಾಡು. ಅರಿಕೆ ಮಾಡದೆ ಸುಮ್ಮನಿದ್ದಾಗ ಎಲುಬುಗಳೇ ಸವೆದು ಹೋದವು ಅಂತ ದಾವೀದ ಅದರಲ್ಲಿ ಹೇಳುತ್ತಾನೆ. ನಿದ್ದೆ ಇಲ್ಲದ ನಿನ್ನ ರಾತ್ರಿಗಳು ಅವನಿಗೆ ಗೊತ್ತು.

ಹೊಸ ಬೆಳಗು

ಅಕ್ಕ, ಫಿಲಿಪ್ಪಿ 3 ಮತ್ತೆ ಓದಿದೆ. ನೀವು ಹೇಳಿದಂತೆಯೇ ಇದೆ. ಬ್ರದರ್, ನೀವು ಪಾಸ್ಟರ್ ಹತ್ತಿರ ಹೋಗುವ ದಿನ ಯಾವುದು ಅಂತ ಮಾತ್ರ ತಿಳಿಸಿ. ಆ ಹೊತ್ತಿಗೆ ನಾನು ಪ್ರಾರ್ಥನೆಯಲ್ಲಿ ಇರುತ್ತೇನೆ.

ಮರಳುವವ

ಮನೆಯಲ್ಲಿ ನಿನ್ನೆ ರಾತ್ರಿ ಹೇಳಿದೆ. ಹೆಂಡತಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಹುಡುಗನಿಗೆ ಬೇರೆ ಕೆಲಸ ಸಿಕ್ಕಿದೆಯಾ?” ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ, ಇಷ್ಟು ದಿನ ವಿಚಾರಿಸಿಯೂ ಇರಲಿಲ್ಲ. ಗುರುವಾರ ಸಂಜೆ ಪಾಸ್ಟರ್ ಬರಲು ಹೇಳಿದ್ದಾರೆ, ಅವಳೂ ಬರುತ್ತೇನೆ ಅಂದಿದ್ದಾಳೆ. ತಿಂಗಳುಗಳನ್ನು ಬರೆಯಲು ಶುರು ಮಾಡಿದ್ದೇನೆ. 32ನೇ ಕೀರ್ತನೆ ಓದಿದೆ. ಅಲ್ಲಿ ಹುಡುಗನ ಹೆಸರು ಹೇಳಿ ಪ್ರಾರ್ಥಿಸಿದೆ. ಇದುವರೆಗೆ ನನಗಾಗಿ ಮಾತ್ರ ಬೇಡಿಕೊಳ್ಳುತ್ತಿದ್ದೆ.

ಬೇಥಾನ್ಯದ ಅಕ್ಕ

ಗುರುವಾರ ಸಂಜೆ ನಮ್ಮ ಮನೆಯಲ್ಲೂ ಪ್ರಾರ್ಥನೆ ಇದೆ, ನಿಮ್ಮಿಬ್ಬರನ್ನೂ ಅಲ್ಲಿ ನೆನೆಸುತ್ತೇವೆ. ಅವನಿಗೆ ಕೆಲಸ ಸಿಕ್ಕಿಲ್ಲ ಅಂತಾದರೆ ಪಾಸ್ಟರಿಗೆ ಅದನ್ನೇ ಮೊದಲು ಹೇಳು, ಸಭೆಯಲ್ಲಿ ಯಾರಿಗಾದರೂ ಆಳು ಬೇಕಾಗಿರಬಹುದು. ಅವನ ಹೆಸರನ್ನಾಗಲಿ, ನಿನ್ನ ಗೋದಾಮಿನ ಹೆಸರನ್ನಾಗಲಿ ಇಲ್ಲಿ ಬರೆಯಬೇಡ. ಭೇಟಿಯಲ್ಲಿ ಏನಾಯಿತು ಅಂತಲೂ ಅವನನ್ನು ಕೇಳದೆ ಹೇಳಬೇಡ.